ಬಸ್ಸಮ್ಮ ಕುಡಿದ ಒಂದು ಲೋಟ ನೀರು

ರಾಯಚೂರು ನಗರದಲ್ಲಿ ಔಷಧ ಪ್ರಯೋಗ ನಡೆಸುತ್ತಿರುವ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಒಂದು ಲೋಟ ನೀರು ಕುಡಿದ ಅಪರಾಧಕ್ಕೆ ನನ್ನ ತಾಯಿ ಬಸ್ಸಮ್ಮನನ್ನು ಪ್ರಯೋಗದಿಂದ ಹೊರಹಾಕಿದ್ದೀರಿ. ಗುಳಿಗೆಯನ್ನೂ ನಿಲ್ಲಿಸಿದ್ದೀರಿ. ರಾಯಚೂರಿನ ಬಿಸಿಲಿನಲ್ಲಿ ನೀರು ಕುಡಿಯುವುದು ಅಪರಾಧವೆಂದು ಕಂಡುಹಿಡಿದ ನಿಮ್ಮ ವಿಜ್ಞಾನಕ್ಕೆ ಮೊದಲು ಶರಣು.

ಓದುವ ನಾಲ್ಕು ಜನರಿಗೂ ತಿಳಿಯಲಿ: ಅವ್ವನ ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನಂಶ, ಪದೇ ಪದೇ ಇಳಿಯುತ್ತದೆ. ಇಳಿದಾಗ ತಲೆ ತಿರುಗಿ ಬೀಳುತ್ತಾಳೆ; ಹೆತ್ತ ಮಗನನ್ನೇ ‘ಯಾರಪಾ ನೀ?’ ಎನ್ನುತ್ತಾಳೆ. ನಿಮ್ಮ ಹೊಸ ಗುಳಿಗೆಯಿಂದ ಚೇತರಿಸಿಕೊಂಡಿದ್ದಳು. ನೀರು ಹೆಚ್ಚಾದರೆ ಉಪ್ಪಿನಂಶ ಇನ್ನೂ ಇಳಿಯುತ್ತದಂತೆ; ಹಾಗಾಗಿ ಷರತ್ತು ಒಂದೇ: ನೀವು ಕೊಟ್ಟ ಗೆರೆ ಹಾಕಿದ ಬಾಟಲಿಯ ಒಂದು ಲೀಟರ್ ಬಿಟ್ಟು ದಿನಕ್ಕೆ ಬೇರೇನೂ ಕುಡಿಯಬಾರದು. ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಟ್ಟು ಮೇಲೆ ಬಂದವನು ನಾನು. ಅಳತೆಯ ಬೆಲೆ ಗೊತ್ತು. ಒಪ್ಪಿದೆವು.

ಮೊಮ್ಮಗಳ ಮದುವೆಗೆ ಕರೆಯಲು ಅವ್ವ ಮಾನ್ವಿ ತಾಲ್ಲೂಕಿನ ತನ್ನ ತವರೂರಿಗೆ ಹೋದಳು. ಹರೆಯದಲ್ಲಿ ಯಾರ ಹೊಲದ ಕಳೆ ಕೀಳುತ್ತಿದ್ದಳೋ ಆ ದೊಡ್ಡ ಮನೆಗೂ ಹೋದಳು. ಆಗ ಅಲ್ಲಿ ನಮ್ಮವರಿಗೆ ಲೋಟ ಮುಟ್ಟಗೊಡುತ್ತಿರಲಿಲ್ಲ. ಒಡ್ಡಿದ ಬೊಗಸೆಗೆ ಮೇಲಿನಿಂದ ನೀರು ಸುರಿಯುತ್ತಿದ್ದರು. ಈ ಸಲ ಆ ಮನೆಯ ಸೊಸೆ, ‘ಒಳಗ ಬರ್ರಿ ಬಸ್ಸಮ್ಮ, ಬಿಸಿಲಾಗ ಬಂದೀರಿ, ಮೊದಲು ನೀರು ಕುಡೀರಿ’ ಎಂದು ತಾವು ಕುಡಿಯುವ ಸ್ಟೀಲ್ ಲೋಟವನ್ನೇ ಕೈಗಿತ್ತಳು. ಅವ್ವ ಏನು ಹೇಳಬೇಕಿತ್ತು? ‘ನಿಮ್ಮ ಮನಿ ನೀರು ನನಗ ನಡಿಯಂಗಿಲ್ಲ’ ಎಂದೇ? ಅದು ಅವರ ಹಿರಿಯರ ಮಾತಲ್ಲವೇ, ಮಾನ್ಯರೇ?

ಕುಡಿದಳು. ಸಂಜೆ ಬಾಟಲಿಯಲ್ಲಿ ಅಷ್ಟೇ ನೀರು ಉಳಿಸಿದಳು. ತಪಾಸಣೆಯ ದಿನ ತಾನಾಗಿಯೇ ಹೇಳಿದಳು. ಪ್ರಯೋಗದ ಮಿಕ್ಕವರು ಏಪ್ರಿಲ್ ಪೂರ್ತಿ ಹೊರಗಿನ ಒಂದು ಗುಟುಕೂ ಕುಡಿದಿಲ್ಲವಂತೆ. ಎಂಥ ತಪಸ್ವಿಗಳು ಸಿಕ್ಕಿದ್ದಾರೆ ನಿಮಗೆ! ನಿಜ ಹೇಳಿದವಳನ್ನು ಹೊರಗಟ್ಟಿ, ಉಳಿದವರಿಂದ ಸತ್ಯ ಸಂಶೋಧಿಸುತ್ತಿದ್ದೀರಿ.

ಕಳೆದ ವಾರ ನಿಮ್ಮ ಸಹಾಯಕರು ಉಪಾಯವನ್ನೂ ತಂದರು: ‘ಯವ್ವಾ, ನೀರು ಕುಡದಿಲ್ಲ, ಮರವಿನಾಗ ಹೇಳೀನಿ ಅಂತ ಹೆಬ್ಬೆಟ್ಟು ಒತ್ತು. ನಾಳಿಂದ ಗುಳಿಗಿ ಚಾಲೂ.’

ನಾನೂ ಗೋಗರೆದೆ: ‘ಒತ್ತಿಬಿಡಬೇ ಯವ್ವಾ.’

ಅವ್ವ ಕೈ ಸೆರಗಿನೊಳಗೆ ಎಳೆದುಕೊಂಡಳು. ‘ಆ ಲೋಟ ನನ್ನ ಕೈಗೆ ಬರಾಕ ಇಡೀ ಜನ್ಮ ಹಿಡೀತು ಲೇ. ಈಗ ಕುಡದೇ ಇಲ್ಲ ಅನ್ನಲೇನು?’

ಮೊನ್ನೆ ಅಂಗಳದಲ್ಲಿ ಮತ್ತೆ ಬಿದ್ದಳು. ಈ ವಾರವೇ ಗುಳಿಗೆ ಕೊಡಿ. ಕುಡಿದದ್ದನ್ನು ಕುಡಿದದ್ದೆಂದೇ ಬರೆದುಕೊಂಡು ಕೊಡಿ. ಒಂದು ಲೋಟ ನಿಜವನ್ನು ತಾಳದ ಪ್ರಯೋಗ ಯಾರ ರೋಗಕ್ಕೆ ಮದ್ದಾದೀತು?

ಇಂತಿ,
ಹೆತ್ತವಳಿಗೆ ಒಂದು ಸುಳ್ಳು ಕಲಿಸಲಾಗದೆ ಸೋತ
ಹುಲಿಗೇಶ, ಶಾಮಿಯಾನ ಅಂಗಡಿ, ದೇವದುರ್ಗ