ಕೇಕಿನ ಮೇಲಿನ ತೆಂಗಿನಮರ

ದಂಡಿನಶಿವರ
9-2-2025, ಭಾನುವಾರ

ಚಿರಂಜೀವಿ ಇಂಪನಾಗೆ,

ನಿನ್ನ ಅಮ್ಮನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ ಅಂತ ಮೊದಲು ಬರೆಯಬೇಕೆಂದು ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದರು. ಐದನೇ ಕ್ಲಾಸು ಎರಡು ಸಲ, ಆರನೇ ಕ್ಲಾಸು ಮೂರು ತಿಂಗಳು ಓದಿದವಳು ನಾನು. ಆಮೇಲೆ ಕಾಯಿ ಕೀಳುವ ಕಾಲ ಬಂತು, ಬಿಡಿಸಿದರು. ತಪ್ಪಿದ್ದರೆ ನಗಬೇಡ. ಕ್ಷೇಮವಾಗಿದ್ದೇವೆ. ನಿಮ್ಮಪ್ಪನ ಮಂಡಿನೋವು ಹಾಗೇ ಇದೆ. ನಿಮ್ಮಣ್ಣ ಯೋಗೀಶನ ಮಗ ಉಜ್ವಲ್ ಈಗ ಓಡಾಡುತ್ತಾನೆ, ನೀರಿನ ತೊಟ್ಟಿಯ ಹತ್ತಿರ ಹೋಗಿಬಿಡುತ್ತಾನೇನೋ ಅಂತ ದಿನವೆಲ್ಲಾ ನನಗೆ ಅದೇ ಭಯ.

ಕಾಗದ ನೋಡಿ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲೇ ಹೇಳೋಣವೆಂದು ಮೂರು ಸಲ ಮಾಡಿದೆ. ಎತ್ತಿದ ಕೂಡಲೇ ನೀನು "ಕೆಲ್ಸದಲ್ಲಿದ್ದೀನಿ, ಹೇಳಮ್ಮ" ಅಂತೀಯ. ನಾನು ಊಟ ಆಯ್ತಾ ಅಂತ ಕೇಳಿ ಇಟ್ಟುಬಿಡುತ್ತೇನೆ. ಇಟ್ಟಮೇಲೆ, ಬೇಕರಿ ಅಂಗಡಿ ಮುಚ್ಚುವಾಗ ಗ್ಯಾಸ್ ತಿರುಗಿಸಿದ್ದೀಯೋ ಇಲ್ಲವೋ ಕೇಳಲಿಲ್ಲವಲ್ಲ ಅಂತ ಹಳಹಳಿ ಶುರುವಾಗುತ್ತದೆ. ತಿರುಗಿಸು ಕಣೇ. ಎರಡು ಸಲ ನೋಡು. ನೀನು ಮಲಗುವುದು ಆ ಓವನ್ನಿನ ನೆತ್ತಿಯ ಮೇಲಿನ ಕೋಣೆಯಲ್ಲೇ ಅಲ್ಲವೇ.

ಹೋದ ವಾರ ಪಕ್ಕದ ಮನೆ ಆಂಜನಪ್ಪನ ಮೊಮ್ಮಗಳು ಯೋಗಿತಾಳ ಹುಟ್ಟುಹಬ್ಬಕ್ಕೆ ಹೋಗಿದ್ದೆ. ಒಂದು ಗೊಂಬೆ ನಿಲ್ಲಿಸಿದ್ದರು, ಅದೇ ಕೇಕಂತೆ. ನಾನು ಸುತ್ತ ತಿರುಗಿ ನೋಡಿದೆ, ಕೇಕು ಕಾಣಲಿಲ್ಲ. ಆಂಜನಪ್ಪ ನಕ್ಕು, "ಲಂಗ ಮಾತ್ರ ಕೇಕಂತೆ ಕಣವ್ವ, ಸೊಂಟದಿಂದ ಮ್ಯಾಕೆ ಪ್ಲಾಸ್ಟಿಕ್ಕು. ನೋಡ್ಕಂಡ್ ಕಚ್ಚು, ಹಲ್ಲು ಹೋದೀತು" ಅಂದ. ಆ ಲಂಗದ ಮೇಲೆ ನಾಲ್ಕು ಬೆರಳು ದಪ್ಪ ಕ್ರೀಮು. ನೀಲಿ, ಗುಲಾಬಿ, ಮೇಲೆ ಬೆಳ್ಳಿ ಗುಂಡು. ಮಕ್ಕಳ ನಾಲಿಗೆಯೆಲ್ಲ ನೀಲಿಯಾಯಿತು. ದೊಡ್ಡವರು ಕ್ರೀಮನ್ನು ತಟ್ಟೆಯ ಅಂಚಿಗೆ ತಳ್ಳಿ ಒಳಗಿನದನ್ನು ಒಂದು ಚೂರು ಬಾಯಿಗೆ ಹಾಕಿಕೊಂಡು ಎದ್ದರು. ಹುಡುಗರು ಮುಖಕ್ಕೆ ಬಳಿದಾಡಿದರು. ತಿನ್ನುವ ಪದಾರ್ಥವನ್ನು ಗೋಡೆಗೆ ಬಣ್ಣ ಬಳಿದ ಹಾಗೆ ಬಳಿದು ಕೊನೆಗೆ ತಿಪ್ಪೆಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಇದನ್ನು ನಾನು ನಿನ್ನ ಮೇಲಿನ ಕೋಪಕ್ಕೆ ಹೇಳುತ್ತಿಲ್ಲ. ನಿಜವಾಗಿಯೂ ಈಗಿನ ಕೇಕಿಗೆ ಅಲಂಕಾರ ಜಾಸ್ತಿಯಾಯಿತು. ಅಲ್ಲಿಯೂ ಹಾಗೇ ಅಂದೆ. ಅಂದದ್ದೇ ತಪ್ಪಾಯಿತು. ಆಂಜನಪ್ಪ ಎಲ್ಲರಿಗೂ ಕೇಳುವ ಹಾಗೆ, "ನಿನ್ ಮಗ್ಳು ಮಾಡಿದ್ದು ನೆಪ್ಪೈತೆ ಬುಡವ್ವ. ಕೇಕೋ ಕೆಸ್ರೋ ಗೊತ್ತಾಗ್ನಿಲ್ಲ" ಅಂದ. ಎಲ್ಲರೂ ನಕ್ಕರು. ನಾನು ತಟ್ಟೆ ಕೆಳಗಿಟ್ಟು ಮನೆಗೆ ಬಂದೆ.

ನಿನ್ನ ಮೊದಲನೇ ಕೇಕು ಜ್ಞಾಪಕಕ್ಕೆ ಬಂತು. ಕೊರೊನಾ ಬಂದು ಕಾಲೇಜು ಮುಚ್ಚಿದಾಗ, ಫೋನಿನಲ್ಲಿ ನೋಡಿಕೊಂಡು ಹಳೇ ಕುಕ್ಕರಿಗೆ ಮರಳು ಹಾಕಿ ಕಾಯಿಸಿ ಮಾಡಿದೆಯಲ್ಲ. ಮೊಟ್ಟೆ ನಮ್ಮ ಹೊಸಿಲು ದಾಟುವ ಹಾಗಿಲ್ಲ ಅಂತ ಕಾಯಿಹಾಲು ಹಿಂಡಿ, ಬೆಲ್ಲ ಕರಗಿಸಿ ಕಲಸಿದ್ದೆ. ಅದರ ಮೇಲೆ ಒಂದು ಹಿಡಿ ತುರಿದ ಕೊಬ್ಬರಿ, ಅಷ್ಟೇ. ಒಂದು ಕಡೆ ಸೀದಿತ್ತು. ನಿಮ್ಮಪ್ಪ "ಇದೇನವ್ವ ಇದು, ಕಡುಬು ಗಡ್ಡ ಬಿಟ್ಟಂಗೈತೆ" ಅಂದರು. ಅಂದು ಮೂರು ತುಂಡು ತಿಂದರು. ನನಗೆ ಬಿಸಿಬಿಸಿಯಾಗಿ ಅಂಗೈಯಲ್ಲಿಟ್ಟು, "ಹೆಂಗಿದೆ, ಹೆಂಗಿದೆ" ಅಂತ ನನ್ನ ಬಾಯನ್ನೇ ನೋಡುತ್ತಾ ನಿಂತಿದ್ದೆ. ಕೈ ಸುಡುತ್ತಿತ್ತು, ಬಿಡಲಿಲ್ಲ. ನೀನು ಮನೆಗೆ ಬರುವುದು ಬಿಟ್ಟು ಹನ್ನೊಂದು ತಿಂಗಳಾಯಿತು, ಆ ನೋಟಕ್ಕೆ ಕಾಯುತ್ತಿದ್ದೇನೆ ಕಣೇ. ಅಡಿಗೆಮನೆ ಬಾಗಿಲಲ್ಲಿ ಯಾರಾದರೂ ನಿಂತರೆ ನೀನೇ ಅನ್ನಿಸುತ್ತದೆ. ನೋಡಿದರೆ ಸೌಂದರ್ಯ ಇರುತ್ತಾಳೆ. ಒಳ್ಳೇ ಸೊಸೆ, ಅವಳನ್ನು ಏನೂ ಅನ್ನುವ ಹಾಗಿಲ್ಲ. ಆದರೂ ಅವಳು ನೀನಲ್ಲ.

ಬುಧವಾರ ನಿಮ್ಮಪ್ಪ ಕೊಬ್ಬರಿ ಮಾರ್ಕೆಟ್ಟಿಗೆ ಬಂದವರು ನಿನ್ನ ಅಂಗಡಿಗೂ ಬಂದಿದ್ದರಲ್ಲ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದರು. "ಅವ್ಳ ಅಂಗ್ಡೀಲಿ ಕೇಕೇ ಇಲ್ಲ ಕಣೇ. ಬರೀ ಬನ್ನು, ರಸ್ಕು. ಗೋಡೆ ಮ್ಯಾಲಿದ್ದ ಕೇಕಿನ ಫೋಟೋನೆಲ್ಲ ಕಿತ್ತಾಕವ್ಳೆ. ಯಾಕವ್ವ ಅಂದ್ರೆ, ಕ್ರೀಮು ಹಿಡುದ್ರೆ ಕೈ ನಡುಗ್ತದೆ ಅಪ್ಪಾಜಿ ಅಂದ್ಲು." ಬರುವ ತಿಂಗಳು ಉಜ್ವಲನ ಎರಡನೇ ಹುಟ್ಟುಹಬ್ಬಕ್ಕೆ ಬೇರೆ ಕಡೆ ಕೇಕು ಹೇಳಿಕೋ, ನಾನು ಬರುವುದಿಲ್ಲ ಅಂತ ಯೋಗೀಶನಿಗೂ ಹೇಳಿದ್ದೀಯಂತೆ.

ಹೇಳಬೇಕಾದ್ದನ್ನು ಈಗ ಹೇಳುತ್ತೇನೆ. ಕುಳಿತುಕೊಂಡು ಓದು, ಒಲೆ ಹತ್ತಿರ ನಿಂತು ಓದಬೇಡ.

ಹೋದ ವರ್ಷ ಉಜ್ವಲನ ಮೊದಲನೇ ಹುಟ್ಟುಹಬ್ಬಕ್ಕೆ ನೀನು ಕಳಿಸಿದ ಕೇಕು ಕೆಟ್ಟದ್ದು ನಿನ್ನಿಂದ ಅಲ್ಲ.

ಬಾಡಿಗೆ ಕಾರಿನ ಬಾಲರಾಜು ಬೆಳಿಗ್ಗೆ ಅದನ್ನು ತಂದ. ಬಾಣಂತಿಯನ್ನು ಕರೆತಂದ ಹಾಗೆ ತಂದಿದ್ದೀನಿ ಅಮ್ಮಾವ್ರೇ ಅಂತ ಹೇಳಿ, ಡಬ್ಬವನ್ನು ನಡುಮನೆಯಲ್ಲಿಟ್ಟು ಹೋದ. ಅವನು ಸುಳ್ಳು ಹೇಳಲಿಲ್ಲ. ಯೋಗೀಶ, ಸೌಂದರ್ಯ ಮಗುವನ್ನು ಎತ್ತಿಕೊಂಡು ದೇವಸ್ಥಾನಕ್ಕೆ ಹೋಗಿದ್ದರು. ನಿಮ್ಮಪ್ಪ ಹೊರಗೆ ಶಾಮಿಯಾನದವರ ಜೊತೆ ಇದ್ದರು. ನಾನೊಬ್ಬಳೇ ಮುಚ್ಚಳ ತೆಗೆದು ನೋಡಿದೆ. ಎರಡು ಅಂತಸ್ತು. ಹಸಿರು ಕ್ರೀಮಿನ ನೆಲ, ನೆತ್ತಿಯ ಮೇಲೆ ತೆಂಗಿನಮರ, ಒಂದೊಂದು ಗರಿಯೂ ಬೇರೆ ಬೇರೆ. ಅಷ್ಟು ಚೆನ್ನಾಗಿತ್ತು. ಅದನ್ನು ನಿನಗೆ ಇದುವರೆಗೂ ಹೇಳಿಲ್ಲ.

ನೀನು ಫೋನ್ ಮಾಡಿ, "ಅಮ್ಮ, ತಣ್ಣಗಿರೋ ಕಡೆ ಫ್ಯಾನ್ ಕೆಳಗೆ ಇಡು, ಸಾಯಂಕಾಲದ ಬಸ್ಸಿಗೆ ನಾನು ಬರ್ತೀನಿ, ಅಲ್ಲಿಗಂಟ ಮುಟ್ಟಬೇಡ" ಅಂದಿದ್ದೆ. ಇಟ್ಟೆ. ಹನ್ನೊಂದಕ್ಕೆ ಕರೆಂಟು ಹೋಯಿತು. ಫ್ರಿಡ್ಜಿನ ತುಂಬ ಹಾಲು, ಮೊಸರು. ಗೋಡೆ ಪಕ್ಕ ಇರುವೆ ಸಾಲು ಕಂಡಿತು. ಕಿಟಕಿಯಲ್ಲಿ ಬೆಕ್ಕು. ಬಂದವರ ಮಕ್ಕಳು ಡಬ್ಬದ ಸುತ್ತ ಓಡಾಡುತ್ತಿದ್ದವು. ಈ ಮನೆಗೆ ಬಂದ ದಿನದಿಂದ ನಾನು ಕಲಿತದ್ದು ಒಂದೇ, ಕೆಡಬಾರದು ಅನ್ನುವುದನ್ನು ಅಟ್ಟಕ್ಕೆ ಹಾಕಬೇಕು. ಕಾಯಿಯೇ ಅಲ್ಲಿ ವರ್ಷಗಟ್ಟಲೆ ಕೆಡದೆ ಕೊಬ್ಬರಿಯಾಗುತ್ತದೆ, ಇದು ಅರ್ಧ ದಿನ ಇರಲಾರದೇ ಅಂದುಕೊಂಡೆ. ಹೊಸದಾಗಿ ಕಾಯಿ ತುಂಬಿದ್ದ ಅಟ್ಟ. ಒಂದೊಂದೇ ಮೆಟ್ಟಿಲು ಹತ್ತಿ, ಉಸಿರು ಬಿಗಿಹಿಡಿದು, ಕಾಯಿಗಳ ನಡುವೆ ಜಾಗ ಮಾಡಿ ಇಟ್ಟು ಬಂದೆ. ಬಿಸಿಲಿಗೆ ಹೆಂಚು ಕಾದಿತ್ತು. ನೆಂಟರ ಸ್ನಾನಕ್ಕೆ ಅಂತ ಅದರ ಕೆಳಗೇ ಹಂಡೆ ಒಲೆ ಉರಿಯುತ್ತಿತ್ತು. ಶಾಖ, ಹೊಗೆ ಕಾಯಿಗೆ ತಾಗಲಿ ಅಂತ ಹಲಗೆ ಸಂದು ಬಿಟ್ಟಿರುವುದು ನಾವೇ ಅಲ್ಲವೇ. ಅದು ನನಗೆ ಹೊಳೆಯಲೇ ಇಲ್ಲ.

ಮೂರು ಗಂಟೆಗೆ ಹತ್ತಿ ನೋಡಿದರೆ ಮರ ಮಲಗಿತ್ತು. ಹಸಿರೆಲ್ಲ ಹರಿದು ಹಲಗೆಗೆ ಇಳಿದಿತ್ತು. ಸರಿ ಮಾಡೋಣವೆಂದು ದೋಸೆ ಮಗುಚುವ ಕೈ ತಂದು ಬಳಿದೆ, ಇನ್ನೂ ಕೆಟ್ಟಿತು. ಹಲಗೆ ಒರೆಸಿ, ಡಬ್ಬ ಮುಚ್ಚಿ ಕೆಳಗೆ ತಂದಿಟ್ಟೆ. ನೀನು ಬಂದು ಎಲ್ಲರ ಮುಂದೆ ಮುಚ್ಚಳ ತೆಗೆದೆ. ಎಲ್ಲರೂ ನನ್ನ ಮುಖ ನೋಡಿದರು. ನಾನು "ಬರುವಾಗಲೇ ಹಿಂಗಿತ್ತು" ಅಂದುಬಿಟ್ಟೆ.

ಅಷ್ಟಕ್ಕೇ ಸುಮ್ಮನಿದ್ದರೂ ಆಗುತ್ತಿತ್ತು. ಭಯಕ್ಕೆ ಮಾತು ನಿಲ್ಲಲಿಲ್ಲ. "ಈಗಿನ ಕೇಕೇ ಹಂಗೆ, ಮೇಲಿನ ಮೆತ್ತಾಟವೇ ಜಾಸ್ತಿ, ಭಾರಕ್ಕೆ ಕುಸಿಯದೆ ಇನ್ನೇನು" ಅಂತಲೂ ಅಂದೆ. ಕೆಸರು ಅನ್ನುವ ಮಾತು ಆಂಜನಪ್ಪನ ಬಾಯಿಗೆ ಬಂದದ್ದು ಆಮೇಲೆ. ದಾರಿ ಮಾಡಿಕೊಟ್ಟವಳು ನಾನು. ನೀನು ಅಳಲಿಲ್ಲ. ಕ್ರೀಮಿನಲ್ಲಿ ಬೆರಳಾಡಿಸಿ ಏನನ್ನೋ ಹುಡುಕಿದೆ. ಏನೇ ಹುಡುಕುತ್ತೀಯಾ ಅಂದರೆ ಏನಿಲ್ಲಮ್ಮ ಅಂದೆ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ನಂದೇ ತಪ್ಪು, ಭಾರ ಜಾಸ್ತಿಯಾಯ್ತು" ಅಂದು ಕೊನೇ ಬಸ್ಸಿಗೆ ಹೊರಟೆ. ನಾನು ಬಾಗಿಲವರೆಗೂ ಬಂದೆ. ಬಾಯಿ ಬರಲಿಲ್ಲ.

ಆವತ್ತು ಕೇಕಿನ ಪಕ್ಕದಲ್ಲಿದ್ದ ಕಾಯಿಗಳು ಈಗ ಒಣಗಿವೆ. ನಿನ್ನೆ ಕೊಬ್ಬರಿ ಬಿಡಿಸಲು ಕೂತಿದ್ದೆವು. ಒಂದೊಂದನ್ನೇ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಒಣಗಿದ ಕೊಬ್ಬರಿ ಗಟಗಟ ಅಂದದ್ದನ್ನು ಈಚೆಗೆ ಹಾಕುತ್ತಿದ್ದೆ. ಒಂದರ ಸಿಪ್ಪೆಯ ಮೇಲೆ ಹಸಿರು ಕ್ರೀಮು ಒಣಗಿ ಅಂಟಿತ್ತು. ಅದನ್ನು ಹಿಡಿದುಕೊಂಡೇ ನಿಮ್ಮಪ್ಪನಿಗೆ ಎಲ್ಲಾ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಕಾಯಿ ಸುಲಿಯುವುದನ್ನು ನಿಲ್ಲಿಸಿದರು. ಆಮೇಲೆ, "ನಂಗ್ಯಾಕೇ ಹೇಳ್ತೀಯೆ? ಕೈ ನಡುಗ್ತಿರೋದು ನಂದಲ್ಲ" ಅಂದರು. ಎದ್ದು ಹೋಗಿ ಯೋಗೀಶನ ಹಳೇ ನೋಟ್‌ಬುಕ್ಕಿನಿಂದ ಹಾಳೆ ಹರಿದುಕೊಂಡು ಬಂದು ನನ್ನ ಮುಂದೆ ಇಟ್ಟರು. ನಾಳೆ ಅವರೇ ಇದನ್ನು ತರುತ್ತಾರೆ. ಓದುವಾಗ ಅವರು ಅಲ್ಲೇ ನಿಂತಿದ್ದರೆ ಒಂದು ಲೋಟ ಕಾಫಿ ಕೊಟ್ಟು ಕೂರಿಸು, ಮಂಡಿನೋವು.

ಉಜ್ವಲನ ಹುಟ್ಟುಹಬ್ಬಕ್ಕೆ ನೀನೇ ಕೇಕು ಮಾಡಿಕೊಂಡು ಬಾ. ಕುಕ್ಕರಿನದಾದರೂ ಸರಿ, ಬೋಳಾದರೂ ಸರಿ. ಮರ ನಿಲ್ಲಿಸಬೇಕು ಅನ್ನಿಸಿದರೆ ನಿಲ್ಲಿಸು, ಗರಿ ಎಷ್ಟಾದರೂ ಇಡು. ಕ್ರೀಮು ಜಾಸ್ತಿ ಅಂತ ನಾನು ಆಗಲೂ ಅನ್ನುತ್ತೇನೆ, ನನ್ನ ನಾಲಿಗೆ ನಿನಗೆ ಗೊತ್ತಲ್ಲ. ಆದರೆ ಮೊದಲು, ಕೇಕು ಕತ್ತರಿಸುವ ಮುಂಚೆ, ಆಂಜನಪ್ಪನೂ ಇರುವಾಗಲೇ, ನಡೆದದ್ದನ್ನೆಲ್ಲ ನಾನೇ ಬಾಯಿಬಿಟ್ಟು ಹೇಳುತ್ತೇನೆ. ಬಾಯಿ ಬರದಿದ್ದರೆ ನೀನೇ ಈ ಕಾಗದ ತೆಗೆದು ಓದು. ನಗುವವರು ನನ್ನನ್ನು ನೋಡಿ ನಗಲಿ. ನೀನು ಕೇಕು ತಂದರೂ ಸರಿ, ತರದಿದ್ದರೂ ಸರಿ, ನೀನು ಬಾ. ನೀನು ಬರದಿದ್ದರೂ ಹೇಳುತ್ತೇನೆ. ಆದರೆ ಯಾರ ಮುಖ ನೋಡಿಕೊಂಡು ಹೇಳಲಿ?

ಚೀಲದಲ್ಲಿ ಆರು ಕಾಯಿ, ಒಂದು ಡಬ್ಬಿ ಹುರಿಗಾಳು ಇದೆ. ಕಾಯಿ ಹಸಿಯದು, ಅಟ್ಟದ್ದಲ್ಲ.

ಇತಿ,
ನಿನ್ನ ದಾರಿ ನೋಡುತ್ತಿರುವ ಅಮ್ಮ,
ಗುರುಶಾಂತಮ್ಮ

ಮರೆತಿದ್ದೆ: ಮರೆತಿದ್ದೆ ಅನ್ನುವುದೂ ಸುಳ್ಳು, ಬರೆಯಲು ನಾಚಿಕೆಯಾಗಿ ಬಿಟ್ಟಿದ್ದೆ. ಆವತ್ತು ನೀನು ಬೆರಳಾಡಿಸಿ ಹುಡುಕಿದ್ದು ನನ್ನ ಹತ್ತಿರ ಇದೆ. ಬೆಳಿಗ್ಗೆ ಗರಿ ನೋಡುವುದರಲ್ಲೇ ಕಂಡಿರಲಿಲ್ಲ, ಬಳಿಯುವಾಗ ಮರದ ಬುಡದಲ್ಲಿ ಸಿಕ್ಕಿತು. ಹೆಬ್ಬೆರಳಷ್ಟು ಸಕ್ಕರೆ ಹೆಂಗಸು, ಹಸಿರು ಸೀರೆ, ಹಣೆಗೆ ವಿಭೂತಿ, ಕಿವಿ ಹತ್ತಿರ ಕಾಯಿ ಹಿಡಿದು ಕೂತಿದ್ದಾಳೆ. ಯಾರು ಅಂತ ನೋಡಿದ ತಕ್ಷಣ ಗೊತ್ತಾಯಿತು. ಸೆರಗಿನಲ್ಲಿ ಮುಚ್ಚಿಕೊಂಡುಬಿಟ್ಟೆ. ಒಂದು ಕರಟದೊಳಗೆ ಹತ್ತಿ ಹಾಸಿ, ಇರುವೆ ಹತ್ತದ ಹಾಗೆ ನೀರಿನ ತಟ್ಟೆಯ ನಡುವೆ ಇಟ್ಟಿದ್ದೇನೆ. ದಿನಾ ಒಂದು ಸಲ ನೋಡುತ್ತೇನೆ. ಮೂಗುಬೊಟ್ಟು ಬಲಗಡೆಗೆ ಇಟ್ಟಿದ್ದೀಯ ಕಣೇ. ನನ್ನದು ಇರುವುದು ಎಡಗಡೆ. ಬಂದು ಒಂದು ಸಲ ಸರಿಯಾಗಿ ನೋಡಿಕೊಂಡು ಹೋಗು.