ಅಪ್ಪ ತೋಡಿದ ಕಾಲುವೆ ಮುಚ್ಚಬೇಡ

ಮಗನೇ,

ಪೈಪು ತರಲು ಅಂಗಡಿಗೆ ಹೋಗಿದ್ದೇನೆ. ಮನೆಯಿಂದ ಹಿತ್ತಲ ಶೆಡ್ಡಿನ ಕಡೆಗೆ ನಿಮ್ಮಪ್ಪ ತೋಡಿದ ಕಾಲುವೆಯನ್ನು ಮುಚ್ಚಿಸಲು ನೀನು ಕರೆಸಿದ್ದ ಆಳನ್ನು ನಾನೇ ವಾಪಸ್ಸು ಕಳಿಸಿದೆ. ಬೈಯುವುದಿದ್ದರೆ ನನ್ನನ್ನು ಬೈ, ಅವನನ್ನಲ್ಲ.

"ಅಮ್ಮಾ, ಮೀಟಿಂಗ್ ನಡೀತಿದೆ, ನೀನೂ ಚಿಕ್ಕಮ್ಮನೂ ವಿಡಿಯೋ ಕಾಲಲ್ಲಿ ಸ್ವಲ್ಪ ಮೆಲ್ಲಗೆ ಹಾಡ್ಕೊಳ್ಳಿ" ಅಂದವನು ನೀನೇ ತಾನೆ? ಅದಕ್ಕೇ ನಿಮ್ಮಪ್ಪ, "ದೇವರ ಹಾಡನ್ನ ಯಾಕೆ ಪಿಸುಗುಡ್ತೀಯ? ಶೆಡ್ಡಿಗೇ ಕರೆಂಟು, ಇಂಟರ್ನೆಟ್ಟು ಎಳೆಸಿಕೊಡ್ತೀನಿ" ಎಂದು ಗುದ್ದಲಿ ಹಿಡಿದರು. ಇನ್ನು ನಾಲ್ಕೇ ಅಡಿ ಉಳಿದಿರುವಾಗ ದೇವರು ಅವರನ್ನು ಕರೆದುಕೊಂಡ. ಅವನ ಮೇಲೆ ನನ್ನ ದೂರಿಲ್ಲ. ಆದರೆ ಕೆಲಸ ನಿಲ್ಲುವುದಿಲ್ಲ.

ಎಲೆಕ್ಟ್ರಿಷಿಯನ್ ಮೂರು ಗಂಟೆಗೆ ಬರುತ್ತಾನೆ. ಅವನು ಕೈ ಹಚ್ಚುವ ಮುಂಚೆ ಮೇನ್ ಸ್ವಿಚ್ ಆಫ್ ಮಾಡು. ಕರೆಂಟಿನ ತಂತಿಗೂ ಇಂಟರ್ನೆಟ್ಟಿನ ತಂತಿಗೂ ಬೇರೆ ಬೇರೆ ಪೈಪು, ನಡುವೆ ಒಂದು ಗೇಣು ಬಿಡಬೇಕು.

ಕಾಲುವೆ ಸೊಟ್ಟಗಿದೆ, ನೇರ ಮಾಡೋಣ ಎಂದು ಅವನು ಹೇಳಿದರೆ ಒಪ್ಪಬೇಡ. ಅಲ್ಲಿ ನಿನ್ನ ಕರಿಯ ಮಲಗಿದ್ದಾನೆ. ಏಳು ವರ್ಷದ ನೀನು ಅಳುತ್ತಾ ಮಣ್ಣು ಹಾಕಿದ ನಾಯಿಯನ್ನು ಎಬ್ಬಿಸಬಾರದೆಂದು ನಿಮ್ಮಪ್ಪ ಆ ಬಿಸಿಲಲ್ಲೂ ಸುತ್ತುಹಾಕಿ ತೋಡಿದರು.

ಗುದ್ದಲಿ ಹಿಂಬಾಗಿಲ ಪಕ್ಕದಲ್ಲಿದೆ. ಅದರ ಹಿಡಿಗೆ ಅವರು ಕಟ್ಟಿದ ಕೆಂಪು ದಾರ ಹಾಗೇ ಇದೆ. ಕಾಲುವೆಯಲ್ಲಿ ಗುದ್ದಲಿ ನಿಲ್ಲಿಸಿದರೆ ಆ ದಾರ ಮುಳುಗುವಷ್ಟು ಆಳ ಬೇಕು. ಉಳಿದ ನಾಲ್ಕು ಅಡಿ ನೀನು ತೋಡಿದರೆ ಸಂತೋಷ. ಇಲ್ಲದಿದ್ದರೆ ಬಂದು ನಾನೇ ತೋಡುತ್ತೇನೆ.

ನಾಳೆ ಬೆಳಿಗ್ಗೆ ಶೆಡ್ಡಿನಲ್ಲಿ ಕೂತು ಗಂಟಲು ಬಿಟ್ಟು ಹಾಡುತ್ತೇನೆ. ಬೇಕಾದರೆ ನಿನ್ನ ಕಿಟಕಿ ನೀನು ಮುಚ್ಚಿಕೋ.

ಅಮ್ಮ