ಅತ್ತೆ ಹಾಕಿದ ಗೊಬ್ಬರ

ಮಾರ್ಚ್ ೧೪, ಗುರುವಾರ

ಸನ್‌ಡ್ಯೂ ಗಿಡದ ಎಲೆಗಳ ಮೇಲಿನ ಅಂಟುಹನಿ ಯಾಕೆ ಒಣಗುತ್ತಿದೆಯೆಂದು ವಾರವೆಲ್ಲ ತಲೆ ಕೆಡಿಸಿಕೊಂಡಿದ್ದೆ. ಬಿಸಿಲನ್ನು ಬೈದೆ, ನೀರನ್ನು ಬೈದೆ. ಕಡಲಂಚಿನ ಜೌಗಿಗೆ ಮಣ್ಣು ತುಂಬಿಸುವ ಮುಂಚೆ ನಮ್ಮ ಲ್ಯಾಬಿನವರು ಕಿತ್ತು ತಂದವುಗಳಲ್ಲಿ ಉಳಿದದ್ದು ಇದೊಂದೇ. ಅಲ್ಲಿ ಬಾಡುತ್ತಿದ್ದದ್ದು ನಮ್ಮ ಅಡುಗೆಮನೆ ಕಿಟಕಿಯಲ್ಲಿ ಚಿಗುರಿತ್ತು. ಸಾರವಿಲ್ಲದ ಮರಳಿನಲ್ಲಿ ನೊಣ ಹಿಡಿದು ತಿಂದು ಬದುಕುವ ಜೀವ. ಗೊಬ್ಬರವೇ ಅದಕ್ಕೆ ವಿಷ.

ಸಂಜೆ ಬಂದಾಗ ಅತ್ತೆ ಕಿಟಕಿಯ ಬಳಿ ನಿಂತಿದ್ದರು. ಮಾವ ಹೋದಂದಿನಿಂದ ಊಟಕ್ಕೂ ಹಾಸಿಗೆ ಬಿಟ್ಟೇಳದವರು! ಉಗುರಲ್ಲಿ ಮಣ್ಣು, ಮುಖದಲ್ಲಿ ನಗು.

"ಪಾಪ, ಬರೀ ಮರಳಲ್ಲಿ ಉಪವಾಸ ಕೆಡವಿದೀಯಲ್ಲೇ! ಸೋಮವಾರದಿಂದ ದಿನಾ ಒಂದು ಚಿಟಿಕೆ ಗೊಬ್ಬರ ಮರಳಡಿ ಹೂತು ಹಾಕ್ತಿದೀನಿ. ಇನ್ಮೇಲೆ ಇದು ನಂದು, ನೀನು ಕೈ ಹಾಕ್ಬೇಡ."

ಬಾಯಿಗೆ ಬಂದದ್ದು ಬಿಸಿ ತುಪ್ಪವಾಯಿತು, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. "ಸರಿ ಅತ್ತೆ" ಎಂದೆ.

ಅವರು ಕೋಣೆಗೆ ಹೋದ ಮೇಲೆ ಗಿಡ ಎತ್ತಿ ಬೇರು ತೊಳೆದೆ. ಕೊಳೆತಿದ್ದ ಬೇರು ಕೈಯಲ್ಲೇ ಕಳಚಿ ಬಂತು. ಸತ್ತದ್ದನ್ನೇ ಮತ್ತೆ ಮರಳಲ್ಲಿ ಊರಿ ನಿಲ್ಲಿಸಿ ಬಂದಿದ್ದೇನೆ. ಯಾಕೆ ಹಾಗೆ ಮಾಡಿದೆನೋ.

ಈಗ ಕೋಣೆಯಿಂದ ಕೂಗುತ್ತಿದ್ದಾರೆ: "ಬೆಳಗ್ಗೆ ಬೇಗ ಎಬ್ಬಿಸೇ, ಮರೀಬೇಡ. ಗಿಡ ಕಾಯ್ತಿರುತ್ತೆ."

ಹೂಂ ಅಂದುಬಿಟ್ಟೆ.